ಹಿಡಿಯ ಕಡೆ ನೋಡುವ ಹಕ್ಕಿ

ಪಾಠ ಮುಗಿದ ಮೇಲೆ ನೀಲಾಂಬಿಕೆ ಕೂಡಲೇ ಏಳುತ್ತಿರಲಿಲ್ಲ. ಉಳಿದ ಶಿಷ್ಯರೆಲ್ಲ ಹೊರಗೆ ಹೋಗುವವರೆಗೂ ತಲೆ ಬಗ್ಗಿಸಿ, ಚಾಪೆಯ ಅಂಚಿನಲ್ಲಿ ಬಿಚ್ಚಿಕೊಂಡ ಎಳೆಗಳನ್ನು ಒಂದೊಂದಾಗಿ ಒಳಗೆ ಸೇರಿಸುತ್ತ ಕೂರುವುದು ಅವಳ ರೂಢಿ. ಆ ದಿನ ಎಳೆಗಳೆಲ್ಲ ಒಳಗೆ ಸೇರಿದರೂ ಅವಳು ಏಳಲಿಲ್ಲ. ಗುರುಗಳೂ ಏಳಲಿಲ್ಲ.

“ಬುದ್ಧಿ, ನಾಲ್ಕು ಜನರ ಮುಂದೆ ಆಗಿಹೋದ ತಪ್ಪನ್ನು ವಾಪಸು ಪಡೆಯುವುದು ಹೇಗೆ?” ಎಂದು ಅವಳು ಕೇಳಿದಳು.

ಆ ವಾರ ಮಠದಲ್ಲಿ ಸಂಜೆಯ ಪ್ರಾರ್ಥನೆ ಹಾಡಿಸುವ ಸರದಿ ಅವಳದಾಗಿತ್ತು. ಹಿಂದಿನ ಸಂಜೆ ನಡುವಿನ ನುಡಿಗಳನ್ನು ಬಿಟ್ಟು ನೇರ ಕೊನೆಯ ನುಡಿಗೆ ಹಾರಿಬಿಟ್ಟಿದ್ದಳು. ಸಭೆಯೂ ಅವಳ ಹಿಂದೆಯೇ ಹಾರಿತ್ತು. ಯಾರೂ ಬೈದಿರಲಿಲ್ಲ. ಬೆಳಗ್ಗೆ ದಾಸೋಹದ ಮನೆಯಾಕೆ ಮಾತ್ರ, “ಇವತ್ತೂ ಹಾಗೇ ಹಾಡಿಸು ತಾಯಿ, ಅನ್ನ ಬಿಸಿ ಇರುವಾಗಲೇ ಬಡಿಸಬಹುದು” ಎಂದು ನಕ್ಕಿದ್ದಳು. ಆ ನಗುವನ್ನು ನುಂಗಿಕೊಳ್ಳುವುದು ಬೈಗುಳಕ್ಕಿಂತ ಕಷ್ಟವಾಗಿತ್ತು.

ಗುರುಗಳು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಕಮ್ಮಾರನಿದ್ದ. ಅವನು ಕುಲುಮೆಯಲ್ಲಿ ಚಾಕು ಬಡಿಯುತ್ತಿದ್ದ. ಹೆಂಡತಿ ಮನೆಯಲ್ಲಿ ಕೂತು ಅಲಗಿನ ಮೇಲೆ ಗುರುತು ಕೊರೆಯುತ್ತಿದ್ದಳು. ಗುರುತು ಎಂದರೆ ಒಂದು ಪುಟ್ಟ ಹಕ್ಕಿ. ಅಲಗಿಗೆ ಜೇನುಮೇಣ ಬಳಿಯುವಳು. ಹಕ್ಕಿಯ ಚಿತ್ರವಿರುವ ಎಣ್ಣೆಕಾಗದವನ್ನು ಅದರ ಮೇಲಿಟ್ಟು, ಗೆರೆಯ ಉದ್ದಕ್ಕೂ ಸೂಜಿಯಿಂದ ಚುಚ್ಚುವಳು. ಸೂಜಿ ಹೋದಲ್ಲಿ ಮೇಣ ಬಿಡುತ್ತಿತ್ತು. ಅಲ್ಲಿಗೆ ಮೈಲುತುತ್ತ, ಉಪ್ಪು ಕದಡಿದ ನೀರನ್ನು ಸವರಿ, ಕೆಂಪಗೆ ಎದ್ದ ಕಿಟ್ಟವನ್ನು ಕೋಳಿಗರಿಯಿಂದ ಒರೆಸುತ್ತ ಕೂರುವಳು. ನೀರು ಮೇಣವನ್ನು ಬಿಟ್ಟು ಉಕ್ಕನ್ನಷ್ಟೇ ತಿನ್ನುತ್ತಿತ್ತು. ಕೊನೆಗೆ ಮೇಣ ತೆಗೆದು ತೊಳೆದರೆ ಉಕ್ಕಿನಲ್ಲಿ ಹಕ್ಕಿ ಉಳಿಯುತ್ತಿತ್ತು. ಕಮ್ಮಾರನ ಏಟು ಸೊಟ್ಟಗೆ ಬಿದ್ದರೆ ಇನ್ನೊಂದು ಏಟಿನಲ್ಲಿ ಸರಿಮಾಡಬಹುದು. ಅವಳು ಕೊರೆದದ್ದು ಕೊರೆದದ್ದೇ.

ಆ ಮನೆಯ ಹಕ್ಕಿ ಯಾವಾಗಲೂ ಚಾಕುವಿನ ಮೊನೆಯ ಕಡೆ ನೋಡುತ್ತಿತ್ತು. ಸಂತೆಯಲ್ಲಿ ಯಾರೋ ಆ ಹಕ್ಕಿಯನ್ನು ಕದ್ದು, ತಗಡಿನಂಥ ಚಾಕುಗಳ ಮೇಲೆ ಹಾಕಿ ಮಾರುತ್ತಿದ್ದರು. ಅಸಲಿ ಚಾಕುವಿನ ಅಲಗಿಗೆ ಮಸಿ ಬಳಿದು ಕಾಗದ ಒತ್ತಿ ಕದ್ದ ಹಕ್ಕಿ ಅದು. ಹಾಗಾಗಿ ತಿರುಗುಮುರುಗಾಗಿ, ಹಿಡಿಯ ಕಡೆ ನೋಡುತ್ತಿತ್ತು. ಮೊನೆ ನೋಡಿದರೆ ಅಸಲಿ, ಹಿಡಿ ನೋಡಿದರೆ ನಕಲಿ ಎಂಬುದು ಕೊಳ್ಳುವವರಿಗೆಲ್ಲ ಗೊತ್ತಾಗಿತ್ತು. ಕಮ್ಮಾರನ ಮನೆಯ ಅನ್ನ ಆ ಹಕ್ಕಿಯ ಕೊಕ್ಕಿನ ಮೇಲೆ ನಿಂತಿತ್ತು.

ಒಂದು ಮಧ್ಯಾಹ್ನ ಒಬ್ಬ ಅಡುಗೆಯವನು ತಾನು ಹೇಳಿಹೋಗಿದ್ದ ಚಾಕುವಿಗಾಗಿ ಬಂದ. ಮದುವೆಮನೆಗಳ ಅಡುಗೆ ಅವನದು. ಅವನ ಬಾಯಿಗೆ ಹೆದರಿಯೇ ಹಸಿ ಸೌದೆಯೂ ಹತ್ತಿಕೊಳ್ಳುತ್ತದೆ ಎಂದು ಊರಿನವರು ನಗುತ್ತಿದ್ದರು. ಹಕ್ಕಿ ಕೊರೆಯುವುದು ಇನ್ನೂ ಬಾಕಿಯಿತ್ತು. ಅವನು ಜಗುಲಿಯ ಮೇಲೆ ಕೂತು, “ಆಯ್ತಾ ಅಕ್ಕ, ಆಯ್ತಾ?” ಎಂದು ಕೇಳುತ್ತಲೇ ಇದ್ದ. ಅವಳು ಆತುರಾತುರವಾಗಿ ಕೊರೆದು, ತೊಳೆದು, ಎಣ್ಣೆ ಸವರಿ, ಬಟ್ಟೆಯಲ್ಲಿ ಸುತ್ತಿ ಕೊಟ್ಟಳು. ಅವನು ಬಿಚ್ಚಿಯೂ ನೋಡದೆ ಹೊರಟ.

ಸಂಜೆ ಎಣ್ಣೆಕಾಗದವನ್ನು ಎತ್ತಿಡಲು ಹೋದಳು. ಎಣ್ಣೆ ಕುಡಿದ ಕಾಗದ ಎರಡು ಕಡೆಯಿಂದಲೂ ಒಂದೇ ತರಹ ಕಾಣುತ್ತದೆ. ಅದಕ್ಕೆಂದೇ ಅವಳು ಅದರ ಮೇಲ್ಮುಖಕ್ಕೆ ಒಂದು ಕುಂಕುಮದ ಬೊಟ್ಟು ಇಟ್ಟಿದ್ದಳು. ಮೇಣ ಅಂಟುವುದು ಯಾವಾಗಲೂ ಕೆಳಮುಖಕ್ಕೆ. ಈಗ ಬೊಟ್ಟಿನ ಮೇಲೆಯೇ ಮೇಣ ಅಂಟಿತ್ತು.

ಅವಳು ಕಾಗದವನ್ನು ಅಲ್ಲೇ ಬಿಟ್ಟು ಎದ್ದಳು. ಕುಲುಮೆಗೆ ಹೋಗಿ ಗಂಡನ ಬೆನ್ನಿಗೆ ಹೇಳಿದಳು. ಮುಖಕ್ಕೆ ಹೇಳುವ ಧೈರ್ಯ ಬರಲಿಲ್ಲ.

“ನೋಡಿ, ಇವತ್ತಿನ ಹಕ್ಕಿ ಹಿಡಿ ಕಡೆ ತಿರುಗಿಬಿಟ್ಟಿದೆ.”

“ಯಾರ ಚಾಕು?”

“ಅಡುಗೆಯವರದು.”

ಕಮ್ಮಾರ ಸುತ್ತಿಗೆ ಕೆಳಗಿಟ್ಟ. “ಇಡೀ ಊರಲ್ಲಿ ಬೇರೆ ಯಾರೂ ಸಿಗಲಿಲ್ವಾ ನಿನಗೆ?” ಎಂದ. ಕೈ ಒರೆಸಿಕೊಂಡು, “ನಾವೇ ನಕಲಿ ಮಾರ್ತೀವಿ ಅಂತ ಅವನು ಒಂದು ಮದುವೇಲಿ ಹೇಳಿದರೆ ಸಾಕು, ಬೆಂಕಿ ಆರಿಸಿ ಮನೇಲಿ ಕೂರಬೇಕು. ಬೆಳಗ್ಗೆ ಹೋಗಿ ತಗೊಂಡು ಬಾ. ಉಜ್ಜಿ ತೆಗೆದು ಬೇರೆ ಕೊರೆಯೋಣ. ನಾನು ಬಂದರೆ ಜಗಳ ಆಗುತ್ತೆ” ಎಂದ.

ಮರುದಿನ ಬೆಳಗ್ಗೆ ಅವಳು ಹೊರಟಳು. ದಾರಿಯುದ್ದಕ್ಕೂ ಆಡಬೇಕಾದ ಮಾತನ್ನು ಜೋಡಿಸಿಕೊಂಡಳು. ಕಾಗದದ ಎರಡು ಮುಖವೂ ಒಂದೇ ತರಹ ಕಾಣುತ್ತೆ ಅಣ್ಣ, ಎನ್ನೋಣವೆಂದುಕೊಂಡಳು. ಬೊಟ್ಟು ಇಟ್ಟವಳು ನೀನೇ ತಾನೆ ಎಂದು ಅವನು ಕೇಳಿದರೆ? ನೀವು ಆತುರ ಮಾಡಿದಿರಿ, ಎನ್ನೋಣವೆಂದುಕೊಂಡಳು. ಅದು ನಿಜವೇ. ಆದರೆ ಅವನ ಎದುರು ನಿಂತು ಅದನ್ನು ಹೇಳುವವರು ಇನ್ನೂ ಹುಟ್ಟಿರಲಿಲ್ಲ. ಬಟ್ಟೆ ಬಿಚ್ಚದೆ ಹಾಗೇ ಇಟ್ಟಿದ್ದರೆ ಸಾಕಪ್ಪ ದೇವರೇ, ಎಂದುಕೊಂಡು ನಡೆದಳು.

ಮದುವೆಮನೆಯ ಹಿತ್ತಲಿನಲ್ಲಿ ಅಡುಗೆಯವರು ಸಾಲಾಗಿ ಕೂತು ಕುಂಬಳಕಾಯಿ ಹೆಚ್ಚುತ್ತಿದ್ದರು. ಎಲ್ಲರ ಕೈಯಲ್ಲೂ ಅವಳ ಮನೆಯದೇ ಚಾಕು. ಒಂದೇ ಒಂದು ಹಕ್ಕಿ ತಿರುಗಿ ಕೂತಿತ್ತು. ಗೇಟಿನ ಹತ್ತಿರದಿಂದಲೇ ಅದು ಅವಳಿಗೆ ಕಂಡಿತು.

“ಏನಕ್ಕ, ಇಷ್ಟು ಬೇಗ ಬಂದ್ರಿ? ಊಟ ಇನ್ನೂ ತಡ” ಎಂದ ಅಡುಗೆಯವನು.

ಜೋಡಿಸಿಟ್ಟ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ.

“ಅಣ್ಣ, ಆ ಚಾಕು ವಾಪಸು ಕೊಡಿ. ಹಕ್ಕಿ ತಿರುಗಿದೆ. ತಪ್ಪು ನನ್ನದು.”

ಹೆಚ್ಚುತ್ತಿದ್ದವರ ಕೈ ನಿಂತಿತು. ಪಕ್ಕದಲ್ಲಿದ್ದವನು, “ನಾನು ಹೇಳಲಿಲ್ವಾ, ಅದು ನಕಲಿ ಅಂತ” ಎಂದ.

“ಹೇಳಿದೆ ಕಣಯ್ಯ. ಬಂದಾಗಿನಿಂದ ಅದನ್ನೇ ಹೇಳ್ತಿದ್ದೀಯ. ನಾನು ಈ ರಾಶಿ ಮುಗಿಸಿದೆ, ನೀನು ಇನ್ನೂ ಅದೇ ಕಾಯಿ ಇಟ್ಕೊಂಡು ಕೂತಿದ್ದೀಯ” ಎಂದು ಅವನ ಬಾಯಿ ಮುಚ್ಚಿಸಿ, ಅಡುಗೆಯವನು ಅವಳ ಕಡೆ ತಿರುಗಿದ. ಚಾಕುವನ್ನು ಕೊಡಲಿಲ್ಲ.

“ಇದನ್ನ ಕೊಡಲ್ಲ ಅಕ್ಕ. ಇಲ್ಲಿ ಎಲ್ಲರ ಹತ್ರಾನೂ ನಿಮ್ಮ ಮನೆ ಚಾಕೇ. ಪಾತ್ರೆ ತೊಳೆಯೋ ಹೊತ್ತಿಗೆ ಯಾರದ್ದು ಯಾರ ಚೀಲದಲ್ಲಿ ಅಂತ ಗೊತ್ತಾಗಲ್ಲ. ನನ್ನ ಹಳೇದು ಹೋಗಿದ್ದೂ ಹಾಗೇ. ಇದನ್ನ ಎತ್ಕೊಂಡೋರು ಹಕ್ಕಿ ನೋಡಿ ಮುಖ ಸಿಂಡರಿಸಿ ವಾಪಸು ಇಡ್ತಾರೆ. ಈ ಅಡುಗೆಮನೇಲಿ ಕಳುವಾಗದೇ ಇರೋ ಚಾಕು ಇದೊಂದೇ.”

“ಆದರೆ ಅಣ್ಣ, ಜನ ನಕಲಿ ಅಂದರೆ? ನಮ್ಮ ಮನೆ ಹೆಸರು...”

“ಅಂದರೆ ಅನ್ನಲಿ. ಕಮ್ಮಾರರ ಮನೆಯಾಕೆ ತಾನೇ ಬಂದು, ತಪ್ಪು ನನ್ನದು ಅಂತ ಎಲ್ಲರ ಮುಂದೆ ಹೇಳಿ ಹೋದಳು ಅಂತೀನಿ. ನಕಲಿ ಮಾರೋನು ಯಾವನಾದರೂ ಮಾರಿದ್ದನ್ನ ಹುಡುಕಿಕೊಂಡು ಬರ್ತಾನಾ?” ಎಂದು ಅವನು ಸಾಲಿನ ಕಡೆ ನೋಡಿದ. ಪಕ್ಕದವನು ತನ್ನ ಕುಂಬಳಕಾಯಿಯ ಮೇಲೆ ಬಗ್ಗಿದ.

ಅವಳು ಅಲ್ಲೇ ಮೆಟ್ಟಿಲ ಮೇಲೆ ಕೂತಳು. ಯಾರೋ ಒಂದು ಲೋಟ ಮಜ್ಜಿಗೆ ತಂದುಕೊಟ್ಟರು. ಕುಡಿಯುತ್ತ ಕುಡಿಯುತ್ತ ಅವಳಿಗೆ ನಗು ಬಂತು. ರಾತ್ರಿಯಿಂದ ಎದೆಯ ಮೇಲೆ ಕೂತಿದ್ದದ್ದು ಎದ್ದುಹೋಗಿತ್ತು. ಗಂಡನಿಗೆ ಹೇಗೆ ಹೇಳುವುದು, ಅವನು ಮೊದಲು ನಂಬುತ್ತಾನೋ ನಗುತ್ತಾನೋ ಎಂದು ಯೋಚಿಸುತ್ತ ಲೋಟ ಕೆಳಗಿಟ್ಟು ಎದ್ದಳು. ಬರುವಾಗ ಎಷ್ಟೋ ದೂರವಿದ್ದ ಮನೆ ಈಗ ಇಲ್ಲೇ ಪಕ್ಕದಲ್ಲಿದೆ ಎನಿಸಿತು.

ಗೇಟು ದಾಟುವಾಗ ಅಡುಗೆಯವನು ಹಿಂದಿನಿಂದ ಕೂಗಿದ.

“ಅಕ್ಕ, ನನ್ನ ತಮ್ಮನಿಗೂ ಒಂದು ಚಾಕು ಮಾಡಿಕೊಡಿ. ಅದರ ಮೇಲೂ ಹಕ್ಕೀನ ಹೀಗೇ, ಹಿಡಿ ಕಡೆ ತಿರುಗಿಸಿ ಕೊರೀರಿ.”

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು.

ನೀಲಾಂಬಿಕೆಯ ಮುಖ ಆಗಲೇ ತಿಳಿಯಾಗಿತ್ತು. ತಪ್ಪು ಒಪ್ಪಿಕೊಂಡವಳಿಗೆ ಮಜ್ಜಿಗೆ ಸಿಕ್ಕಿದ್ದು ಅವಳಿಗೆ ಹಿತವಾಗಿತ್ತು. ಕತೆ ಅಲ್ಲಿಗೆ ಮುಗಿಯಿತೆಂದೇ ತಿಳಿದಿದ್ದಳು.

“ಅದಕ್ಕೆ ಅವಳು ಏನಂದಳು, ಬುದ್ಧಿ?” ಎಂದು ನಗುತ್ತ ಕೇಳಿದಳು.

“ಬೇಕೆಂದೇ ತಿರುಗಿಸಿ ಕೊರೆದರೆ ಆ ಹಕ್ಕಿ ಯಾರ ಮನೆಯದಾಗುತ್ತದೆ, ಅದನ್ನು ನೀನು ಹೇಳು” ಎಂದರು ಗುರುಗಳು.

ನೀಲಾಂಬಿಕೆ ದಾಸೋಹದ ಮನೆಯ ಕಡೆ ಒಮ್ಮೆ ನೋಡಿ, ಹಿಂದಿನ ಸಂಜೆ ಬಿಟ್ಟುಹೋಗಿದ್ದ ನುಡಿಗಳನ್ನು ಮೆಲ್ಲಗೆ ಹೇಳಿಕೊಳ್ಳತೊಡಗಿದಳು.