ಚೀನಿ ಬೇರಿನ ಕಷಾಯ

ಶಾಂತಯ್ಯನವರ ಹೆಸರು ಹೇಳಿದರೆ ಸಾಕು, ಆ ಹೊಳೆಯ ಎರಡೂ ದಡದವರು ಕೈ ಮುಗಿಯುತ್ತಿದ್ದರು. ಪ್ರಾಯದಲ್ಲಿ ಒಬ್ಬ ಚೀನೀ ವೈದ್ಯನ ಸೇವೆ ಮಾಡಿ ಕಲಿತುಬಂದ ವಿದ್ಯೆ ಅವರದು. ಆತ ಕೊಟ್ಟ ಬೇರನ್ನು ಆಶ್ರಮದ ಹಿತ್ತಲಲ್ಲೇ ಬೆಳೆಸಿ, ಜ್ವರದವರಿಗೆ ಕಷಾಯ ಕಾಸಿ ಕೊಡುತ್ತಿದ್ದರು. ತಲೆ ನರೆಯುವ ತನಕ ಕೊಟ್ಟರು.

ಶಿಷ್ಯ ಬೊಪ್ಪಣ್ಣನಿಗೆ ಗುರುವೆಂದರೆ ದೇವರೇ. ಅವನ ತಪ್ಪೂ ಅಲ್ಲಿಂದಲೇ ಹುಟ್ಟಿತು.

ಒಂದು ವರ್ಷ ಜ್ವರ ಊರೂರನ್ನೇ ನುಂಗತೊಡಗಿತು. ರೋಗಿಗಳನ್ನು ಕಂಬಳಿಯಲ್ಲಿ ಹೊತ್ತು ತಂದು ಆಶ್ರಮದ ಜಗಲಿಯಲ್ಲಿ ಮಲಗಿಸಿ ಹೋಗುತ್ತಿದ್ದರು. ದೂರದೂರಿನ ಗೌಡರು ಬಂದು, ನಮಗೂ ಬೇರು ಕಳಿಸಿಕೊಡಿ ಎಂದು ಕಾಲು ಹಿಡಿದರು. ಸ್ವಲ್ಪ ತಾಳಿ, ಇದು ನಿಜಕ್ಕೂ ಬದುಕಿಸುತ್ತದೋ ಇಲ್ಲವೋ ಮೊದಲು ನೋಡೋಣ ಎಂದರು ಗುರುಗಳು.

ಬೊಪ್ಪಣ್ಣನಿಗೆ ಇದೆಂಥ ಮಾತು ಅನ್ನಿಸಿತು. "ಕುಡಿದವರು ಎದ್ದು ಓಡಾಡಿದ್ದನ್ನು ನಾವೇ ಕಂಡಿಲ್ಲವೇ, ಗುರುಗಳೇ?"

"ಕುಡಿಯದೆ ಎದ್ದವರು ಎಷ್ಟು ಜನ, ಅದನ್ನು ಕಂಡೆಯಾ?"



ಗುರುಗಳು ಒಂದು ಕಟ್ಟಳೆ ಮಾಡಿದರು. ಬಂದ ಪ್ರತಿ ರೋಗಿಗೂ ಕವಡೆ ಎಸೆಯಬೇಕು. ಅಂಗಾತ ಬಿದ್ದರೆ ಬೇರಿನ ಕಷಾಯ. ಬೋರಲು ಬಿದ್ದರೆ ಅದೇ ಬಣ್ಣದ, ಬೇರಿಲ್ಲದ ಬರೀ ಕಹಿನೀರು. ಗಂಜಿ, ಹಾಸಿಗೆ, ಆರೈಕೆ ಎಲ್ಲರಿಗೂ ಒಂದೇ. ಎರಡು ಗಡಿಗೆ ಇಟ್ಟು, ಸತ್ತವರು ಕುಡಿದದ್ದು ಯಾವುದೋ ಆ ಗಡಿಗೆಗೆ ಒಂದು ಕಲ್ಲು ಹಾಕಬೇಕು. ಯಾರಿಗೆ ಯಾವುದು ಎಂಬುದು ಬೊಪ್ಪಣ್ಣನೊಬ್ಬನಿಗೇ ಗೊತ್ತಿರಬೇಕು.

"ನಿಮಗೂ ಹೇಳಬಾರದೇ?"

"ಹೆತ್ತವರಿಗೆ ಹೆಗ್ಗಣ ಮುದ್ದು ಕಣಪ್ಪ. ಈ ಬೇರು ನನ್ನ ಹೆಗ್ಗಣ. ಗೊತ್ತಾದರೆ ಸಾಯುತ್ತಿರುವವನೂ ನನ್ನ ಕಣ್ಣಿಗೆ ಚೇತರಿಸಿಕೊಂಡ ಹಾಗೆ ಕಾಣುತ್ತಾನೆ."

ಕಷಾಯ ಕುಡಿದವರೂ ಬರೀ ನೀರು ಕುಡಿದವರೂ ಲೆಕ್ಕದಲ್ಲಿ ಸಮಸಮ ಆದ ಮೇಲೆ ಬೊಪ್ಪಣ್ಣ ಒಬ್ಬನೇ ಕೂತು ಗಡಿಗೆ ಬಗ್ಗಿಸಿದ. ಕಷಾಯದ ಗಡಿಗೆಯಿಂದ ಕಲ್ಲು ಸುರಿಯುತ್ತಲೇ ಹೋಯಿತು. ಬರೀ ನೀರಿನದರಲ್ಲಿ ಅದರ ಅರ್ಧವೂ ಇರಲಿಲ್ಲ. ಬೇರು ಬದುಕಿಸುತ್ತಿರಲಿಲ್ಲ, ಕೊಲ್ಲುತ್ತಿತ್ತು.

ಅಯ್ಯೋ, ಆ ಬಡಪಾಯಿಯ ಸಂಕಟ ಶತ್ರುವಿಗೂ ಬೇಡ. ಆ ವಯಸ್ಸಿನ ಗುರುಗಳ ಮುಂದೆ ಇದನ್ನು ಯಾವ ಬಾಯಿಂದ ಹೇಳುವುದು? ಕಷಾಯ ಕುಡಿದವರಲ್ಲಿ ಮುದುಕರೇ ಹೆಚ್ಚಿದ್ದಿರಬೇಕು ಎಂದುಕೊಂಡ. ರೋಗ ಮೀರಿದ ಮೇಲೆ ಬಂದವರಿರಬೇಕು ಎಂದುಕೊಂಡ. ಬೇಕು ಅಂದವನಿಗೆ ನೆಪಕ್ಕೇನು ಬರವೇ. ಕೊನೆಗೆ ಕಷಾಯದ ಕಲ್ಲಿನಿಂದ ಎರಡು ಬೊಗಸೆ ತೆಗೆದು ನೀರಿನ ಗಡಿಗೆಗೆ ಹಾಕಿದ.

ಗುರುಗಳು ಬಂದು ನೋಡಿದರು. ಅವರ ಕಣ್ಣು ತುಂಬಿ ಬಂತು. ಮಾರನೆಯ ದಿನ ಬೇರಿನ ಮೂಟೆ ಹೇರಿಕೊಂಡು ಬಂಡಿಗಳು ಊರೂರಿಗೆ ಹೊರಟವು.

ಅದರ ಹಿಂದೆಯೇ ಬೊಪ್ಪಣ್ಣನ ಊರಿನಿಂದ ಆಳು ಬಂದ. ತಂಗಿ ಸಿದ್ದವ್ವನಿಗೆ ಜ್ವರ ಏರಿದೆ, ಕಣ್ಣು ಬಿಡುತ್ತಿಲ್ಲ ಎಂದ. ಗುರುಗಳು ತಾವೇ ಕಷಾಯ ಕಾಸಿ, ತಂಬಿಗೆಗೆ ಸೋಸಿ, ಶಿಷ್ಯನ ಕೈಗಿಟ್ಟರು. ಅವನು ನಿಂತಲ್ಲೇ ನಿಂತ.

"ಹೊರಡಪ್ಪ, ಹೊತ್ತಾಗುತ್ತದೆ."

ಅವನು ತಂಬಿಗೆಯನ್ನು ಜಗಲಿಯ ಮೇಲಿಟ್ಟ. "ಇದನ್ನು ಅವಳಿಗೆ ಕೊಡಲಾರೆ, ಗುರುಗಳೇ."

"ಯಾಕೆ?"

ಅವನು ಕುಸಿದು ಕೂತು ಎಲ್ಲವನ್ನೂ ಹೇಳಿದ. ಕಲ್ಲು ಬದಲಿಸಿದ್ದು, ಯಾಕೆ ಬದಲಿಸಿದ್ದು, ಯಾವುದನ್ನೂ ಬಚ್ಚಿಡಲಿಲ್ಲ. ನಿಮ್ಮ ಮಾನ ಉಳಿಯಲಿ ಅಂತ ಮಾಡಿದೆ ಎಂದು ಅತ್ತ.

ಶಾಂತಯ್ಯ ಅವನನ್ನು ಬಯ್ಯಲಿಲ್ಲ. ಹಿತ್ತಲಿಗೆ ಹೋಗಿ ಒಂದೊಂದೇ ಗಿಡವನ್ನು ಬೇರು ಸಮೇತ ಕಿತ್ತು ಒಲೆಗೆ ಹಾಕಿದರು. ಆ ಕೈಗಳು ಜೀವಮಾನವಿಡೀ ಎಷ್ಟು ಜನಕ್ಕೆ ಕುಡಿಸಿದ್ದವೋ, ಅವರಿಗೇ ಗೊತ್ತಿರಲಿಲ್ಲ. ಆಮೇಲೆ ಕೋಲು ಹಿಡಿದು ಬಂಡಿಗಳು ಹೋದ ದಾರಿಗೆ ಇಳಿದರು.

ಬೊಪ್ಪಣ್ಣ ಹಿಂದೆ ಓಡಿದ. "ಗುರುಗಳೇ, ನಾನು ತಂಗಿಯ ಹತ್ತಿರ ಹೋಗಲೇ?"

ಅವರು ತಿರುಗಿ ನೋಡಲಿಲ್ಲ.

"ಹೋಗು. ಅವಳಿಗೆ ಏನು ಕೊಡಬಾರದು ಅಂತ ನಿನಗೆ ಗೊತ್ತು. ಬಂಡಿ ಹೋದ ಊರುಗಳಲ್ಲಿ ಈ ಹೊತ್ತಿಗೆ ಅಣ್ಣಂದಿರು ತಮ್ಮ ತಂಗಿಯರಿಗೆ ಕಷಾಯ ಆರಿಸಿ ಕುಡಿಸುತ್ತಿರುತ್ತಾರೆ."