ಹೊಲಿಗೆಯವಳ ಬ್ಯಾಟರಿ

"ಗುರುಗಳೇ, ತಪ್ಪು ನನ್ನದಲ್ಲ. ಆದರೂ ಮಠಕ್ಕೆ ಅಕ್ಕಿ ಕೊಡುವ ಸಾಹುಕಾರರು ತಪ್ಪಾಯಿತೆಂದು ತಮ್ಮ ಮುಂದೆ ಬಂದು ಕೈಮುಗಿ ಎನ್ನುತ್ತಿದ್ದಾರೆ. ಒಂದು ಸಲ ಮುಗಿದರೆ ನನ್ನ ಗಂಟೇನು ಹೋಗುತ್ತದೆ?" ಎಂದು ಶಿಷ್ಯ ಬೊಮ್ಮಣ್ಣ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಹೊಲಿಗೆಯವಳಿದ್ದಳು. ಒಂದು ಕಾಲು ಸ್ವಾಧೀನವಿರಲಿಲ್ಲ, ಪೆಡಲು ತುಳಿಯಲಾರಳು. ಯಂತ್ರಕ್ಕೆ ಮೋಟಾರು ಹಾಕಿಕೊಂಡು ಹೊಲಿಯುತ್ತಿದ್ದಳು. ಆ ಊರಿಗೆ ಕರೆಂಟು ಬರುತ್ತಿದ್ದದ್ದು ಗಿರಣಿಯ ಧಣಿಯ ಜನರೇಟರಿನಿಂದ. ಒಮ್ಮೆ ಗಿರಣಿಯ ಆಳುಗಳು ಕೆಲಸ ಬಿಟ್ಟು ಧಣಿಗೆ ಎದುರು ನಿಂತರು. ಅವರ ಮಕ್ಕಳಿಗೆ ಬಟ್ಟೆ ಹೊಲಿಯಕೂಡದೆಂದು ಧಣಿ ಅವಳಿಗೆ ಹೇಳಿಕಳಿಸಿದ. ಅವಳು ಹೊಲಿದಳು. ಮಾರನೆಯ ದಿನವೇ ಧಣಿಯ ಕಡೆಯವರು ಅವಳ ಮನೆಯ ಕರೆಂಟಿನ ತಂತಿ ಕತ್ತರಿಸಿದರು. ಕೈಮುಗಿದು ಬಂದರೆ ಜೋಡಿಸಿಕೊಡುತ್ತಾನಂತೆ. ಎಂಥ ಧಾರಾಳ!

ಅವಳಿಗೆ ಮೈಯೆಲ್ಲ ಉರಿಯಿತು. ರೇಡಿಯೋ ರಿಪೇರಿ ಮಾಡುತ್ತಿದ್ದ ಅಪ್ಪನ ಪೆಟ್ಟಿಗೆ ಅಟ್ಟದ ಮೇಲಿತ್ತು, ಅವನ ವಿದ್ಯೆ ಅವಳ ಕೈಯಲ್ಲಿತ್ತು. ಹಳೆಯ ಜೀಪಿನ ಬ್ಯಾಟರಿ ತರಿಸಿದಳು. ಬ್ಯಾಟರಿಯ ಕರೆಂಟು ಒಂದೇ ಕಡೆಗೆ ಹರಿಯುತ್ತದೆ; ಅವಳ ಮೋಟಾರಿಗೆ ಬೇಕಾದದ್ದು ಹೋಗಿ ಬರುವ ಕರೆಂಟು. ಅದಕ್ಕಾಗಿ ಪೆಟ್ಟಿಗೆಯಿಂದ ಕರೆಂಟನ್ನು ಹಿಡಿದು ಬಿಡುವ ಎರಡು ಟ್ರಾನ್ಸಿಸ್ಟರು ತೆಗೆದು ಜೋಡಿಸಿದಳು. ಒಂದು ಕರೆಂಟನ್ನು ಅತ್ತ ಎಳೆಯಬೇಕು, ಇನ್ನೊಂದು ಇತ್ತ. ನಡುವಿನ ಟ್ರಾನ್ಸ್‌ಫಾರ್ಮರು ಅದರ ವೋಲ್ಟೇಜು ಏರಿಸಿ ಕೊಡಬೇಕು. ಸಿಟ್ಟಿನಲ್ಲಿದ್ದವಳು, ಒಂದು ಕ್ಷಣವೂ ದಂಡವಾಗಬಾರದೆಂದು, ಮೊದಲನೆಯದು ಬಿಡುವ ಮುಂಚೆಯೇ ಎರಡನೆಯದು ಹಿಡಿಯುವಂತೆ ಕಟ್ಟಿದಳು. ಎರಡೂ ಒಟ್ಟಿಗೆ ಹಿಡಿದವು, ಬ್ಯಾಟರಿಯ ಕರೆಂಟೆಲ್ಲ ಒಮ್ಮೆಗೇ ಅವುಗಳೊಳಗೆ ನುಗ್ಗಿತು, ಎರಡೂ ಸುಟ್ಟುಹೋದವು.

ಸುದ್ದಿ ಕೇಳಿ ಧಣಿ ಬಾಗಿಲಿಗೇ ಬಂದ. "ಏನವ್ವಾ, ನಿನ್ ಹಟಕ್ಕೆ ಬೆಂಕಿ ಬಿತ್ತಂತೆ? ಈಗಲಾದ್ರೂ ಕೈಮುಗಿ."

"ಸುಟ್ಟಿದ್ದು ಟ್ರಾನ್ಸಿಸ್ಟರು ಧಣಿ, ಹಟ ಅಲ್ಲ" ಎಂದಳು. ಕೂತಲ್ಲಿಂದ ಏಳಲಿಲ್ಲ.

ಅವಳು ಸಿಟ್ಟು ಬಿಡಲಿಲ್ಲ, ಅವಸರ ಬಿಟ್ಟಳು. ಅಪ್ಪನ ಪೆಟ್ಟಿಗೆಯಿಂದ ಬೇರೆ ಎರಡು ಟ್ರಾನ್ಸಿಸ್ಟರು ತೆಗೆದು, ಒಂದು ಬಿಟ್ಟ ಮೇಲೆ ಚೂರೇ ಚೂರು ಸುಮ್ಮನಿದ್ದು ಇನ್ನೊಂದು ಹಿಡಿಯುವಂತೆ ಮತ್ತೆ ಕಟ್ಟಿದಳು. ಮೋಟಾರು ತಿರುಗಿತು. ಬ್ಯಾಟರಿ ಇಳಿದಾಗಲೆಲ್ಲ ಆ ಆಳುಗಳೇ ಸೈಕಲ್ಲಿನಲ್ಲಿ ಪಕ್ಕದೂರಿಗೆ ಒಯ್ದು ಚಾರ್ಜು ಮಾಡಿಸಿ ತಂದರು. ಆ ವರ್ಷ ಅವರ ಮಕ್ಕಳೆಲ್ಲ ಹೊಸ ಅಂಗಿ ತೊಟ್ಟು ಗಿರಣಿಯ ಮುಂದೆಯೇ ಶಾಲೆಗೆ ಹೋದರು.

ಬೊಮ್ಮಣ್ಣನಿಗೆ ಇನ್ನೂ ಸಮಾಧಾನವಾಗಲಿಲ್ಲ. "ಅಷ್ಟೆಲ್ಲ ಪಾಡು ಪಡುವ ಬದಲು ಅವಳು ಒಂದು ಸಲ ಕೈಮುಗಿದಿದ್ದರೆ ಮುಗಿದುಹೋಗುತ್ತಿತ್ತಲ್ಲ, ಗುರುಗಳೇ?"

ಗುರುಗಳೆಂದರು: "ಕೈಮುಗಿಯಲು ಎರಡೂ ಕೈ ಬಿಡುವಾಗಿರಬೇಕಪ್ಪಾ, ಅವಳ ಎರಡೂ ಕೈಗೆ ಕೆಲಸವಿತ್ತು."