ಬಲಬದಿ ಸವೆದ ಸೌಟು

"ಗುರುಗಳೇ, ಹುಟ್ಟಿನಿಂದ ಅಂಟಿಕೊಂಡು ಬಂದದ್ದನ್ನು ಉಜ್ಜಿ ತೆಗೆಯಲು ಎಷ್ಟು ಕಾಲ ಬೇಕು?" ಎಂದು ಶಿಷ್ಯ ಗಂಗಯ್ಯ ಕೇಳಿದ.

ಗಂಗಯ್ಯ ದೋಣಿ ನಡೆಸುವವರ ಮಗ. ಹೊಳೆಯ ಈ ದಡದಿಂದ ಆ ದಡಕ್ಕೆ ಕೂಗಿ ಮಾತಾಡುತ್ತಲೇ ಬೆಳೆದವನು. ಮಠಕ್ಕೆ ಬಂದ ಮೇಲೆ ಶ್ಲೋಕಗಳನ್ನು ಬಾಯಿಪಾಠ ಮಾಡಿದ್ದ, ಉಚ್ಚಾರ ತಿದ್ದಿಕೊಂಡಿದ್ದ. ಆದರೂ ಪ್ರಾರ್ಥನೆಗೆ ದನಿ ಎತ್ತಿದರೆ ಸಾಲಿನ ಕೊನೆ ದೋಣಿಯವರ ಕೂಗಿನಂತೆ ತಾನಾಗಿಯೇ ಎಳೆದುಕೊಂಡು ಹೋಗುತ್ತಿತ್ತು. ಆ ಬೆಳಿಗ್ಗೆ ಜೊತೆಯವರು ಮುಸಿಮುಸಿ ನಕ್ಕಿದ್ದರು. ಅವರಲ್ಲೊಬ್ಬ, ದೋಣಿ ಬಂತು, ಹತ್ತೋಣ ನಡೀರಿ ಎಂದೂ ಅಂದಿದ್ದ. ಗಂಗಯ್ಯನಿಗೆ ಊಟ ಸೇರಿರಲಿಲ್ಲ. ಈ ದನಿ ಹೋಗುವ ತನಕ ಪ್ರಾರ್ಥನೆಯಲ್ಲಿ ಬಾಯಿ ತೆರೆಯಬಾರದು ಎಂದು ಅವನು ನಿಶ್ಚಯಿಸಿಬಿಟ್ಟಿದ್ದ.

ಗುರುಗಳಿಗೆ ವಯಸ್ಸಾಗಿ ಕಣ್ಣು ಕಾಣುತ್ತಿರಲಿಲ್ಲ. ದನಿ ಬಂದ ಕಡೆಗೆ ಮುಖ ತಿರುಗಿಸಿದರು. ನಕ್ಕವರನ್ನು ಬಯ್ಯಲಿಲ್ಲ, ಇವನನ್ನು ಸಮಾಧಾನ ಮಾಡಲೂ ಹೋಗಲಿಲ್ಲ. ಉಜ್ಜುವುದರಲ್ಲಿ ನಿನಗಿಂತ ಗಟ್ಟಿಗನೊಬ್ಬನಿದ್ದ, ಅವನ ಕತೆ ಕೇಳು ಎಂದು ಪಕ್ಕದಲ್ಲಿ ಕೂರಿಸಿಕೊಂಡು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಅಕ್ಕಸಾಲಿಗನಿದ್ದ. ದಿನಬೆಳಗಾದರೆ ಮನೆಯಲ್ಲಿ ಕಣ್ಣಿಗೆ ಬೀಳುವುದನ್ನೇ ನೋಡಿ ಒಡವೆ ಮಾಡುತ್ತಿದ್ದ. ಅವಲಕ್ಕಿಯನ್ನು ನೋಡಿ ಸರ ಮಾಡಿದ, ಸೌತೆಬೀಜವನ್ನು ನೋಡಿ ಓಲೆ ಮಾಡಿದ. ಅವನು ಮಾಡಿದ ಒಡವೆಯಲ್ಲಿ ಬೆಸುಗೆ ಎಲ್ಲಿದೆಯೆಂದು ಹುಡುಕಿದರೂ ಸಿಗುತ್ತಿರಲಿಲ್ಲ. ಎಲ್ಲಾದರೂ ಸುತ್ತಿಗೆಯ ಗುರುತು ಉಳಿದರೆ ಅವನಿಗೆ ನಿದ್ದೆ ಬರುತ್ತಿರಲಿಲ್ಲ. ಒಳ್ಳೆಯ ಕೆಲಸಗಾರ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅರ ಹಿಡಿದು ತೇಯಲು ಕೂತರೆ ಎಲ್ಲಿ ನಿಲ್ಲಿಸಬೇಕೆಂಬುದು ಅವನಿಗೆ ತಿಳಿಯುತ್ತಿರಲಿಲ್ಲ.

ಅವನ ಬಳಿಗೆ ಮದುವೆ ಗೊತ್ತಾದ ಒಬ್ಬ ಹುಡುಗಿ ಬಂದಳು. ಕೈಯಲ್ಲಿ ಒಂದು ಹಿತ್ತಾಳೆಯ ಸೌಟಿತ್ತು. ಅದು ತೀರಿಹೋದ ತಾಯಿಯದು. ಆ ತಾಯಿ ಮದುವೆಮನೆಗಳಲ್ಲಿ ಅಡುಗೆ ಮಾಡಿ ಮಗಳನ್ನು ಸಾಕಿದವಳು, ಎಡಚಿ. ಎಡಗೈಯಲ್ಲಿ ಬಡಿಸಿದರೆ ಕೆಟ್ಟದ್ದೆಂದು ಅವಳನ್ನು ಯಾರೂ ಪಂಕ್ತಿಗೆ ಬಿಡುತ್ತಿರಲಿಲ್ಲ. ಒಲೆಯ ಮುಂದೆ ಯಾವ ಕೈಯಲ್ಲಿ ಕಲಕಿದರೂ ಕೇಳುವವರಿರಲಿಲ್ಲ. ಉಂಡವರು ಬಾಯಿ ಚಪ್ಪರಿಸಿ ಹೊಗಳಿ ಹೋಗುತ್ತಿದ್ದರು, ಮಾಡಿದವಳ ಮುಖವನ್ನು ಮಾತ್ರ ಕಾಣದೆ ಹೋಗುತ್ತಿದ್ದರು. ಬಲಗೈಯವರ ಸೌಟು ಪಾತ್ರೆಯ ತಳಕ್ಕೆ ಉಜ್ಜಿ ಉಜ್ಜಿ ಎಡಬದಿಗೆ ಸವೆಯುತ್ತದೆ. ಇದು ಬಲಬದಿಗೆ ಸವೆದಿತ್ತು.

ಹುಡುಗಿಯೂ ಎಡಚಿಯೇ. ಮದುವೆಯೊಳಗೆ ಬಲಗೈ ರೂಢಿ ಮಾಡಿಕೋ ಎಂದು ಗಂಡಿನ ಕಡೆಯವರು ಹೇಳಿ ಕಳಿಸಿದ್ದರು. ಅವಳ ಪರವಾಗಿ ಒಂದು ಮಾತಾಡಲು ಮನೆಯಲ್ಲಿ ಯಾರೂ ಇರಲಿಲ್ಲ. ಈ ಸೌಟಿನ ಹಿಡಿಯನ್ನು ಬಗ್ಗಿಸಿ ಎಡಗೈಗೆ ಕಡಗ ಮಾಡಿಕೊಡಿ, ಅದರ ಬಟ್ಟಲು ಕಡಗದ ಮೇಲೆ ಕಾಣಲಿ, ಅದು ಕೈಯಲ್ಲಿದ್ದರೆ ಆ ಮನೆಗೆ ನಾನೊಬ್ಬಳೇ ಹೋದ ಹಾಗಾಗುವುದಿಲ್ಲ ಎಂದು ಅವಳು ಕೇಳಿಕೊಂಡಳು.

ತೊಡುವವರನ್ನು ಎದುರಿಗೆ ಕೂರಿಸಿಕೊಳ್ಳದೆ ಕಡಗ ಬಗ್ಗಿಸಬಾರದೆಂಬುದು ಅಕ್ಕಸಾಲಿಗನ ಮನೆತನದ ರೂಢಿ. ಮದುವೆಗೆ ಮುಂಚೆ ಒಮ್ಮೆ ಬಾ ಎಂದು ಹೇಳಿ ಅವಳನ್ನು ಕಳಿಸಿದ. ಆಮೇಲೆ ಸೌಟನ್ನು ಬೆಳಕಿಗೆ ಹಿಡಿದು ನೋಡಿದ. ಓರೆಯಾಗಿ ಸವೆದ ಬದಿ ಕಂಡಿತು. ಪಾಪ, ತಾಯಿಯಿಲ್ಲದ ಮಗು, ಮದುವೆಯ ದಿನ ಇಂಥ ಸೊಟ್ಟ ಕಡಗ ತೊಟ್ಟು ನಿಲ್ಲಬೇಕೇ ಎಂದುಕೊಂಡ. ಅರ ಎತ್ತಿಕೊಂಡು, ಬಲಬದಿ ಎಷ್ಟು ಸವೆದಿತ್ತೋ ಎಡಬದಿಯನ್ನೂ ಅಷ್ಟೇ ತೇಯ್ದ. ನಡುವೆ ಉಳಿದ ಏಣನ್ನು ತೇಯ್ದು ಅಂಚನ್ನು ದುಂಡು ಮಾಡಿದ. ಮಸಿ ಕಲೆಯೊಂದನ್ನೂ ಬಿಡದೆ ಒಪ್ಪ ಹಾಕಿದ. ಅಷ್ಟು ಅಕ್ಕರೆಯಿಂದ ಅವನು ಚಿನ್ನಕ್ಕೂ ಕೆಲಸ ಮಾಡಿರಲಿಲ್ಲ.

ಹುಡುಗಿ ಬಂದಳು. ಸೌಟನ್ನು ಎಡಗೈಯಲ್ಲಿ ಹಿಡಿದು ಬಲಬದಿಯ ಅಂಚಿನ ಮೇಲೆ ಬೆರಳಾಡಿಸಿದಳು. ಬೆರಳು ಹುಡುಕಿದ್ದು ಅಲ್ಲಿರಲಿಲ್ಲ.

"ತುಂಬಾ ಚೆನ್ನಾಗಿದೆ ಆಚಾರ್ರೇ. ಆದರೆ ಇದು ಯಾರ ಸೌಟು?" ಎಂದಳು.

ಅಕ್ಕಸಾಲಿಗನಿಗೆ ತಾನು ಮಾಡಿದ್ದೇನೆಂದು ಆಗ ತಿಳಿಯಿತು. ಒಂದು ಗಳಿಗೆ ತಾಳು ಎಂದು ಸೌಟನ್ನು ಈಸಿಕೊಂಡು, ನೆನಪಿದ್ದಷ್ಟನ್ನು ನೆನೆಸಿಕೊಂಡು ಬಲಬದಿಯನ್ನು ಓರೆಯಾಗಿ ತೇಯಲು ನೋಡಿದ. ಅರ ತನಗೆ ಗೊತ್ತಿದ್ದ ನೇರ ಗೆರೆಯನ್ನೇ ಎಳೆಯಿತು. ಅದು ಸವೆದಂತೆ ಕಾಣಲಿಲ್ಲ, ಕೊಯ್ದಂತೆ ಕಂಡಿತು. ಅವನು ಅರವನ್ನು ಕೆಳಗಿಟ್ಟ. ನಾಚಿಕೆಯಿಂದ ಅವನಿಗೆ ತಲೆ ಎತ್ತಲಾಗಲಿಲ್ಲ.

"ನಿನ್ನ ತಾಯಿಯನ್ನು ನಾನು ಅಳಿಸಿಬಿಟ್ಟೆ ಮಗಳೇ. ಇದನ್ನು ಸರಿಮಾಡಲು ನನ್ನ ಕೈಯಲ್ಲಿ ಆಗದು, ಆದರೆ ನಿನ್ನ ಕೈಯಲ್ಲಿ ಆಗುತ್ತದೆ. ಒಯ್ದು ಇದರಲ್ಲೇ ಅಡುಗೆ ಮಾಡು. ಸವೆದ ಮೇಲೆ ತಾ, ಬಗ್ಗಿಸಿ ಕೊಡುತ್ತೇನೆ" ಎಂದ.

ಅವಳು ಅಳಲೂ ಇಲ್ಲ, ಜಗಳಕ್ಕೂ ನಿಲ್ಲಲಿಲ್ಲ. ಕಡಗವಿಲ್ಲದೆ ಮದುವೆಯಾದಳು. ಸೌಟನ್ನು ಸೀರೆಗಳ ನಡುವೆ ಇಟ್ಟುಕೊಂಡು ಗಂಡನ ಮನೆಗೆ ಹೋದಳು. ಅಲ್ಲಿಯೂ ಒಲೆ ಅವಳದಾಯಿತು, ಪಂಕ್ತಿ ಬೇರೆಯವರದಾಯಿತು. ಅವಳು ಎಡಗೈಯಲ್ಲಿ ಕಲಕುತ್ತ ಹೋದಳು. ಇತ್ತ ಅಕ್ಕಸಾಲಿಗನ ತಲೆ ನರೆಯಿತು. ಬಾಗಿಲಲ್ಲಿ ಹೆಂಗಸರ ದನಿ ಕೇಳಿದಾಗಲೆಲ್ಲ ಅವಳಿರಬಹುದೆಂದು ಕೆಲಸ ಬಿಟ್ಟು ನೋಡುತ್ತಿದ್ದ.

ವರ್ಷಗಳು ಕಳೆದ ಮೇಲೆ ಅವಳು ಬಂದಳು. ಅವನು ಸೌಟನ್ನು ತೆಗೆದುಕೊಂಡು ಅಂಚನ್ನು ಮುಟ್ಟಿ ನೋಡಿದ. ಬಲಬದಿ ಸವೆದಿತ್ತು. ತಾಯಿಯ ಸವೆತ ಹಾಗಿರಲಿಲ್ಲ, ಇದು ತುಸು ಬೇರೆ. ಆದರೂ ಅದೇ ಬದಿ. ಅವನು ತನ್ನನ್ನು ತಾನು ನಂಬದೆ ಮೊದಲು ಅರವನ್ನು ಹೊರಗೆ ಜಗುಲಿಯ ಮೇಲೆ ಇಟ್ಟುಬಂದ. ಆಮೇಲೆ ಹಿಡಿಯನ್ನು ಕಾಯಿಸಿ, ಅವಳನ್ನು ಎದುರಿಗೆ ಕೂರಿಸಿಕೊಂಡು ಕಡಗ ಬಗ್ಗಿಸಿದ. ಮಸಿ ಹಿಡಿದದ್ದು ಹಾಗೆಯೇ ಉಳಿಯಿತು.

ಸ್ವಲ್ಪ ದಿನಕ್ಕೆ ಅವಳ ಮಗಳ ನಾಮಕರಣ ಬಂತು. ಅಕ್ಕಸಾಲಿಗನಿಗೂ ಕರೆ ಹೋಗಿತ್ತು. ಎಲ್ಲರೂ ಎಲೆಯ ಮುಂದೆ ಕೂತಿದ್ದಾಗ ಅವಳು ಒಳಗಿನಿಂದ ಪಾಯಸದ ಪಾತ್ರೆ ಹಿಡಿದು ಪಂಕ್ತಿಗೆ ಬಂದಳು. ಬಡಿಸುವ ಕೈ ಎಡಗೈ, ಅದರಲ್ಲಿ ಕಡಗ. ಮೊದಲನೆಯ ಎಲೆಯವರು ಎಲೆಗೆ ಕೈ ಅಡ್ಡ ಹಿಡಿದರು. ಎರಡನೆಯವರೂ ಹಿಡಿದರು. ಅವಳು ಅಕ್ಕಸಾಲಿಗನ ಎಲೆಯ ಮುಂದೆ ಬಂದಳು. ಅವನು ಎಲೆಯನ್ನು ಮುಂದಕ್ಕೆ ಸರಿಸಿ, ಇಲ್ಲಿ ಹಾಕು ಮಗಳೇ ಎಂದ. ಅವಳು ಬಡಿಸಿದಳು, ಅವನು ಉಂಡ. ಪಕ್ಕದಲ್ಲಿ ಅವಳ ಅತ್ತೆಯೂ ಎಲೆಗೆ ಕೈ ಅಡ್ಡ ಹಿಡಿದು ಕೂತಿದ್ದಳು. ಆಕೆ ಸೊಸೆಯ ಕಡಗವನ್ನು ಬಹಳ ಹೊತ್ತು ನೋಡಿ, ಎಲೆಯ ಮೇಲಿನ ಕೈ ತೆಗೆದಳು.

ಗುರುಗಳು ಕತೆ ನಿಲ್ಲಿಸಿದರು.

"ಸೌಟಿನ ಮಾತು ಸರಿ ಗುರುಗಳೇ. ಅದಕ್ಕೆ ಕಾದಿದ್ದ ಮಗಳಿದ್ದಳು. ನನ್ನ ಈ ಕೂಗು ಯಾರಿಗೆ ಬೇಕು?" ಎಂದ ಗಂಗಯ್ಯ.

ಗುರುಗಳು ಕೈಚಾಚಿ ಅವನ ಹೆಗಲನ್ನು ತಡವಿ ಹಿಡಿದುಕೊಂಡರು.

"ಕಣ್ಣು ಹೋದ ಮೇಲೆ, ಬೆಳಗಿನ ಪ್ರಾರ್ಥನೆಯಲ್ಲಿ ದನಿಯಿಂದಲೇ ಇವನು ಬಂದು ಕೂತಿದ್ದಾನೆ ಎಂದು ನಾನು ಗುರುತು ಹಿಡಿಯುವುದು ನಿನ್ನೊಬ್ಬನನ್ನೇ, ಗಂಗಯ್ಯಾ."